ಕರಿಮರಿಗೆ ಪೌಡರ್

ಕೊಟ್ಟೂರಿನ ಖಾಸಿಂ ಸಾಬರು ಪೌಡರ್ ಹಚ್ಚದೆ ಯಾರ ಫೋಟೋವನ್ನೂ ತೆಗೆಯುತ್ತಿರಲಿಲ್ಲ. ಅವರ ಸ್ಟುಡಿಯೋದೊಳಗೆ ಕಾಲಿಡುತ್ತಲೇ ಎಡಗಡೆ ಒಂದು ಕನ್ನಡಿ, ಅದರ ಕೆಳಗಿನ ಹಲಗೆಯ ಮೇಲೆ ಬಾಚಣಿಗೆ ಮತ್ತು ಪೌಡರ್ ಡಬ್ಬಿ, ಪಕ್ಕದ ಮೊಳೆಗೆ ನೇತುಹಾಕಿದ ಕೋಟು. ಕೋಟು ಬೇಕಾದವರಿಗೆ, ಪೌಡರ್ ಎಲ್ಲರಿಗೂ. ಬಿಸಿಲಲ್ಲಿ ಬೆಂದ ಮುಖ ಕಪ್ಪು ಬಿಳುಪಿನ ಚಿತ್ರದಲ್ಲಿ ಮೂಗೆಲ್ಲಿ ಕೆನ್ನೆಯೆಲ್ಲಿ ತಿಳಿಯದ ಹಾಗೆ ಬಂದರೆ ಬೈಸಿಕೊಳ್ಳಬೇಕಾದವರು ಅವರೇ ತಾನೆ? ಗಂಡಿನ ಕಡೆಗೆ ಕಳಿಸುವ ಹುಡುಗಿಯ ಫೋಟೋ ಇರಲಿ, ನೌಕರಿಯ ಅರ್ಜಿಗೆ ಅಂಟಿಸುವ ಫೋಟೋ ಇರಲಿ, ಮೊದಲು ಸಾಬರ ಅಂಗೈ ಮುಖದ ಮೇಲೆ ಒಮ್ಮೆ ಆಡಿ ಹೋಗಬೇಕು. ಜನ ಬೇಡವೆನ್ನುತ್ತಿರಲಿಲ್ಲ. ತನ್ನ ಮುಖವನ್ನು ಇನ್ನೊಬ್ಬರು ಅಷ್ಟು ಜತನದಿಂದ ಮುಟ್ಟುವುದು ದೊಡ್ಡವರಾದ ಮೇಲೆ ಯಾರಿಗೂ ಸಿಗುವುದಿಲ್ಲ.

ಎಂಬತ್ತನಾಲ್ಕರ ಸುಗ್ಗಿ ಮುಗಿಯುವ ಹೊತ್ತಿಗೆ ದಾವಣಗೆರೆಯಲ್ಲಿ ಪುಟ್ಟ ಮಕ್ಕಳಿಗಾಗಿ ಪುಸ್ತಕ ಮಾಡುವವರೊಬ್ಬರು ಸಾಬರಿಗೆ ಹೊಸ ಬಗೆಯ ಕೆಲಸ ಒಪ್ಪಿಸಿದರು. ಪುಟಕ್ಕೊಂದು ಮರಿಯ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ ಅದರ ಹೆಸರು. ಮರಿಗಳು ನಮ್ಮ ಸೀಮೆಯವೇ ಆಗಿರಬೇಕು. ಅವರು ಹಾಕಿದ ಕರಾರು ಒಂದೇ: ಮರಿಯ ಕಣ್ಣು ಕಾಣಬೇಕು, ಇಲ್ಲದಿದ್ದರೆ ಮಗು ಪುಟ ತಿರುವಿ ಮುಂದೆ ಹೋಗುತ್ತದೆ.

ಖಾಸಿಂ ಸಾಬರು ಸಂತೋಷದಿಂದಲೇ ಒಪ್ಪಿಕೊಂಡರು. ಮದುವೆ ಹೆಣ್ಣಿನ ಹಾಗೆ ಮರಿಗಳು ಗಲ್ಲ ಎತ್ತಿ ಕೂರುವುದಿಲ್ಲ, ನಿಜ. ಆದರೆ ಫೋಟೋ ನೋಡಿ 'ನಾನು ಹಿಂಗದೀನೇನು?' ಎಂದು ಜಗಳಕ್ಕೂ ಬರುವುದಿಲ್ಲ. ಕೋಳಿಮರಿ ಅವರ ಹಿತ್ತಲಲ್ಲೇ ಸಿಕ್ಕಿತು. ನಾಯಿಮರಿ ಬಸ್ ಸ್ಟ್ಯಾಂಡಿನ ಹಿಂದೆ, ಕತ್ತೆಮರಿ ಮಡಿವಾಳರ ಓಣಿಯಲ್ಲಿ. ಎಮ್ಮೆಕರುವಿನ ಮುಖ ಕಪ್ಪಗೆ ಬಂದೀತೆಂದು ಅದಕ್ಕೆ ತೆಳ್ಳಗೆ ಪೌಡರ್ ಒರೆಸಿದರು. ತಾಯಿ ಎಮ್ಮೆ ಬಂದು ಮೂಸಿ, ಸೀನಿ, ಅದನ್ನೆಲ್ಲ ನೆಕ್ಕಿ ಹಾಕಿತು. ಅಷ್ಟರಲ್ಲಿ ಫೋಟೋ ಆಗಿತ್ತು. ಚೆನ್ನಾಗಿಯೂ ಬಂದಿತ್ತು.

ಕೈಕೊಟ್ಟದ್ದು ಕುರಿಮರಿ. ನಮ್ಮ ಕಡೆಯ ಕುರಿಗಳೆಂದರೆ ಮೂಗಿನಿಂದ ಬಾಲದವರೆಗೆ ಕಪ್ಪು. ಉಜ್ಜಿನಿ ದಾರಿಯ ಹೊಲವೊಂದರಲ್ಲಿ ಬೀಡುಬಿಟ್ಟಿದ್ದ ಹಿಂಡಿನ ಹತ್ತಿರ ಹೋಗಿ ತೆಗೆದುಕೊಂಡು ಬಂದ ಫೋಟೋವನ್ನು ಸಾಬರು ತೊಳೆದು ಒಣಗಿಸಿ ಹೆಂಡತಿ ಗುಲ್ಜಾರ್ ಬೀಯ ಕೈಗೆ ಕೊಟ್ಟರು.

"ಇದೇನ್ರಿ, ಕಂಬಳಿ ಒಣಾಕಿದ್ದು ತೆಗೆದೀರೇನು?"

"ಕುರಿಮರಿ ಅದು. ಸರಿಯಾಗಿ ನೋಡು."

"ಎಲ್ಲೈತಿ ಮರಿ?"

"ತಾಯಿ ಮುಂದ ನಿಂತೈತಲ್ಲ."

"ತಾಯಿ ಎಲ್ಲೈತಿ?"

ಸಾಬರು ಫೋಟೋ ಕಸಿದುಕೊಂಡರು. ಮರುದಿನ ಕ್ಯಾಮೆರಾದ ಜೊತೆಗೆ ಪೌಡರ್ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಮತ್ತೆ ಉಜ್ಜಿನಿ ಬಸ್ಸು ಹತ್ತಿದರು.

ಜೋಳ ಕೊಯ್ದ ಆ ಹೊಲದಲ್ಲಿ ಗೊಬ್ಬರವಾಗಲೆಂದು ಕುರಿ ನಿಲ್ಲಿಸಿದ್ದರು. ಗಂಡಸರು ಹಿಂಡು ಹೊಡೆದುಕೊಂಡು ಮೇಯಿಸಲು ಹೋಗಿದ್ದರು. ಹಟ್ಟಿಯಲ್ಲಿ ಉಳಿದವರು ಇಬ್ಬರೇ: ಕಲ್ಲೊಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮುದುಕಿ ಮಾಳಮ್ಮ ಮತ್ತು ಅವಳ ಕಿರಿಸೊಸೆ ಗಾಳೆಮ್ಮ. ಮುಳ್ಳುಬೇಲಿಯೊಳಗೆ ಮರಿಗಳು ತಾಯಂದಿರ ದಾರಿ ನೋಡುತ್ತಾ ಅರಚುತ್ತಿದ್ದವು.

"ಯಾರಬೇ ಅದು?" ಮಾಳಮ್ಮ ಹಿಂದಿರುಗಿ ನೋಡದೆಯೇ ಕೇಳಿದಳು.

"ಫೋಟೋ ಸಾಬ್ರು, ಅತ್ತಿ. ಹೋದ್ವಾರ ಬಂದಿದ್ರಲ್ಲ" ಎಂದಳು ಗಾಳೆಮ್ಮ.

"ಮತ್ಯಾಕ ಬಂದ? ಹೋದ್ವಾರ ತಗೊಂಡೋದ ಮರಿ ಅವನ ಡಬ್ಬ್ಯಾಗ ಸತ್ತೋತೇನು?"

"ಸತ್ತಿಲ್ಲ ಯಮ್ಮಾ, ಕತ್ತಲದಾಗ ಹೊಕ್ಕಂಡೈತಿ. ಕಣ್ಣಿಗೆ ಬೀಳವಲ್ದು" ಎಂದರು ಸಾಬರು.

ಮುದುಕಿ ನಕ್ಕಳು. ಅಂದು ಹಟ್ಟಿಯಲ್ಲಿ ತಾಯಿ ಮರಿ ಕೂಡಿ ಇದ್ದದ್ದು ಒಂದೇ ಜೋಡಿ. ಕುರಿಯನ್ನು ಗೂಟಕ್ಕೆ ಕಟ್ಟಿತ್ತು. ಮರಿ ಅದರ ಹೊಟ್ಟೆಯ ಕೆಳಗೆ ತೂರಿ ಬಾಲ ಆಡಿಸುತ್ತಾ ಹಾಲು ಕುಡಿಯುತ್ತಿತ್ತು. ಗಾಳೆಮ್ಮ ಪಕ್ಕದಲ್ಲೇ ಕೂತು ಅದನ್ನೇ ನೋಡುತ್ತಿದ್ದಳು. ಬೇರೆ ಕೆಲಸವೇ ಇಲ್ಲವೇನೋ ಎನ್ನುವ ಹಾಗೆ.

"ಇದೊಂದ್ಯಾಕ ಮೇಯಾಕ ಹೋಗಿಲ್ಲವ್ವ?" ಸಾಬರು ಕೇಳಿದರು.

"ನನ್ನ ಕುರಿ ಇದು" ಎಂದಳು ಗಾಳೆಮ್ಮ. ಹಿಂಡೆಲ್ಲ ಗಂಡನ ಮನೆಯವರದು. ಇದೊಂದು ಮಾತ್ರ ಅವಳ ತಂದೆ ಮದುವೆಯಲ್ಲಿ ಕೊಟ್ಟದ್ದು. ಗುರುತಿಗೆಂದು ಅದರ ಕಿವಿಗೆ ಹಾಕಿದ ಕಚ್ಚೇ ಬೇರೆ. ತವರಿನ ಕುರಿಗೆ ಹುಟ್ಟುವ ಹೆಣ್ಣುಮರಿಗಳೆಲ್ಲ ಸೊಸೆಯವೇ ಎನ್ನುವುದು ಆ ಮನೆಯ ವಾಡಿಕೆ. ಆದರೆ ಕುರಿ ಇಷ್ಟು ದಿನ ಗಬ್ಬವೇ ಆಗಿರಲಿಲ್ಲ. ಈ ಸಲ ಹೆಣ್ಣುಮರಿಯನ್ನೇ ಈಯಿತು. ಈದದ್ದೇ ಮರಿಯನ್ನು ಒದೆಯತೊಡಗಿತು. ಚೊಚ್ಚಲ ಕುರಿ, ಇದೇನು ತನ್ನ ಹಿಂದೆ ಬಿದ್ದಿದೆ ಎಂದು ಅದಕ್ಕೆ ತಿಳಿಯದು.

"ಹಗಲೂ ರಾತ್ರಿ ಕಾಲು ಹಿಡ್ಕಂಡು ಕುಡಿಸೀನಿ. ನಿನ್ನಿ ಸಂಜಿಂದ ಹಿಡೀದ ಉಣಿಸಾಕ ಹತ್ತೈತಿ. ಇನ್ನ ಚಿಂತಿಲ್ಲ ಬಿಡ್ರಿ."

"ಚಿಂತಿ ಇಲ್ಲಂತ ನೀನು ಅಂದ್ರ ಆತೇನು? ನಿಮ್ಮ ಭಾವ ಅನ್ಬೇಕು" ಎಂದಳು ಮಾಳಮ್ಮ ಒಲೆಯ ಮುಂದಿನಿಂದ.

ಭಾವನೆಂದರೆ ಮಾಳಮ್ಮನ ಹಿರಿಮಗ ಎರ್ರೆಪ್ಪ, ಹಿಂಡಿನ ಯಜಮಾನ. ಮರುದಿನ ಬೆಳಿಗ್ಗೆ ಹಿಂಡು ಗುಡೇಕೋಟೆಯ ಕಡೆಗೆ ಹೊರಡುವುದಿತ್ತು. ಮರಿ ಸೇರಿಸದ ಕುರಿಯನ್ನು ದಾರಿಗೆ ಕರೆದೊಯ್ಯುವುದಿಲ್ಲ, ಸಂತೆಗೆ ಹೊಡೆಯುತ್ತೇನೆ ಎಂದು ಎರ್ರೆಪ್ಪ ಹೇಳಿಬಿಟ್ಟಿದ್ದ. ಅದು ಕೆಟ್ಟ ಮಾತೇನಲ್ಲ. ನಡೆಯುವ ಹಿಂಡಿನಲ್ಲಿ ಒಂದು ಮರಿ ಕಂಡವರ ಕೆಚ್ಚಲಿಗೆ ಬಾಯಿ ಹಾಕುತ್ತಾ ಹೋದರೆ ಅದೂ ಉಳಿಯುವುದಿಲ್ಲ, ಬೇರೆ ಮರಿಗಳಿಗೂ ಹಾಲು ಕಡಿಮೆ. ಗಾಳೆಮ್ಮನಿಗೂ ಇದು ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳು ಕುರಿಯ ಪಕ್ಕದಿಂದ ಏಳುತ್ತಿರಲಿಲ್ಲ.

"ಹಂಗಾದ್ರ ಇವೆರಡನ್ನ ತೆಗೀತೀನವ್ವ. ಮರಿ ತಾಯಿ ಮುಖ ನೋಡ್ಬೇಕು, ಹಂಗ."

"ತೆಗೀರಿ. ಸ್ವಲ್ಪ ತಡೀರಿ, ಇದಕ್ಕ ನೀರು ಕುಡಿಸ್ಕಂಡು ಬರ್ತೀನಿ. ಮರಿ ನೋಡ್ಕಳ್ರಿ."

ಗಾಳೆಮ್ಮ ಕುರಿಯನ್ನು ಬಿಚ್ಚಿಕೊಂಡು ಬಾವಿಯ ಕಡೆಗೆ ಹೋದಳು. ಸಾಬರು ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಮೈಯೆಲ್ಲ ಮಣ್ಣು, ಬೆನ್ನ ಮೇಲೆ ಒಣಗಿದ ಲೋಳೆ. ಕಣ್ಣು ಚೆಲುವಾಗಿತ್ತು, ಆದರೆ ಕಪ್ಪಿನಲ್ಲಿ ಕಪ್ಪು. ಮುದುಕಿ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ಸಾಬರು ಒದ್ದೆ ಕರವಸ್ತ್ರದಿಂದ ಮರಿಯ ಮೈ ಒರೆಸಿದರು, ಕೂದಲು ಬಾಚಿದರು. ಆಮೇಲೆ ಅಂಗೈಗೆ ಪೌಡರ್ ಸುರಿದುಕೊಂಡು ಮುಖಕ್ಕೆ, ಕಿವಿಗೆ, ಕತ್ತಿಗೆ, ಬೆನ್ನಿಗೆ ಹದವಾಗಿ ಹಚ್ಚಿದರು. ಮರಿ ಕಣ್ಣು ಪಿಳಿಪಿಳಿ ಬಿಟ್ಟಿತು. ಬೂದು ಬಣ್ಣದ ಮುಖದಲ್ಲಿ ಎರಡು ಕಣ್ಣು ಮಣಿಗಳ ಹಾಗೆ ಎದ್ದು ಕಂಡವು. ಸಾಬರಿಗೆ ತಮ್ಮ ಕೈಯ ಬಗ್ಗೆ ತಮಗೇ ಮೆಚ್ಚುಗೆಯಾಯಿತು.

ಗಾಳೆಮ್ಮ ಕುರಿ ಹಿಡಿದುಕೊಂಡು ಬಂದಳು. ಮರಿ ಅರಚುತ್ತಾ ತಾಯಿಯ ಕಡೆ ಓಡಿತು. ಸಾಬರು ಕ್ಯಾಮೆರಾ ಕಣ್ಣಿಗೆ ಹಿಡಿದರು. ಕುರಿ ತಲೆ ಬಗ್ಗಿಸಿ ಮರಿಯ ಬಾಲದ ಬುಡ ಮೂಸಿತು. ಮತ್ತೊಮ್ಮೆ ಮೂಸಿತು. ಹಿಂದಕ್ಕೆ ಸರಿದು, ತಲೆ ತಗ್ಗಿಸಿ, ಮರಿಯನ್ನು ಹಾಯ್ದು ಅತ್ತ ಎಸೆಯಿತು.

"ಅಯ್ಯೋ! ಏನಾತ ಇದಕ್ಕ?" ಗಾಳೆಮ್ಮ ಮರಿಯನ್ನು ಎತ್ತಿಕೊಂಡಳು. ಎತ್ತಿಕೊಂಡದ್ದೇ ಅವಳ ಮೂಗಿಗೂ ವಾಸನೆ ಬಡಿಯಿತು. ಕೈ ನೋಡಿಕೊಂಡಳು, ಬೆಳ್ಳಗಾಗಿತ್ತು.

"ಏನು ಹಚ್ಚೀರಿ?"

"ಪೌಡರ್ ಅವ್ವ. ಮುಖ ಕಾಣಲಿ ಅಂತ..."

"ನಿಮಗ ಯಾರು ಹೇಳಿದ್ರು ಮುಟ್ಟಾಕ?"

ಅವಳು ಕೂಗಲಿಲ್ಲ. ಕೂಗಿದ್ದರೆ ಸಾಬರಿಗೆ ಸಲೀಸಾಗುತ್ತಿತ್ತು. ಎಮ್ಮೆಯಾದರೆ ನೆಕ್ಕಿಕೊಂಡಿತ್ತಲ್ಲ ಎಂದುಕೊಳ್ಳುತ್ತಾ ಡಬ್ಬಿಯ ಮುಚ್ಚಳ ಹಾಕಿದರು. ಮಾಳಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಮರಿಯನ್ನು ಮೂಸಿದಳು.

"ಲೇ ಸಾಬಾ, ಮರಿ ನೋಡ್ಕ ಅಂದ್ರ ಮದಿವಿ ಹೆಣ್ಣು ಮಾಡಿ ಇಟ್ಟೀಯಲ್ಲೋ! ಚೊಚ್ಚಲ ಕುರಿಗೆ ಮೂಗ ಕಣ್ಣು. ಈಗ ಇದ್ಯಾವ ಊರಿನ ಮರಿ ಅಂತ ತಿಳೀತೈತಿ ಅದಕ್ಕ?"

"ತೊಳೀತೀನಿ ಯಮ್ಮಾ, ಈಗ್ಲೇ ನೀರು ತರ್ತೀನಿ."

"ಸುಮ್ನಿರು. ತೊಳೆದ್ರ ಉಳಿದ ವಾಸನಿನೂ ಹೋಕ್ಕೈತಿ."

ಮುದುಕಿ ಕುರಿಯ ಕೆಚ್ಚಲಿಂದ ಹಾಲು ಹಿಂಡಿ ಮರಿಯ ಬೆನ್ನಿಗೂ ಬಾಲಕ್ಕೂ ಹಚ್ಚಿಸಿದಳು. ಕುರಿ ಮೂಸಿತು, ಸೀನಿತು, ಒದೆಯಿತು. ಬೇಲಿಯ ನೆರಳಲ್ಲಿ ಮಲಗಿದ್ದ ನಾಯಿಯನ್ನು ಎಳೆದು ತಂದರು. ನಾಯಿ ಕಂಡರೆ ಎಂಥ ಕುರಿಯೂ ನೆಲಕ್ಕೆ ಕಾಲು ಬಡಿದು ಮರಿಯನ್ನು ಹಿಂದಕ್ಕೆ ಹಾಕಿಕೊಳ್ಳುತ್ತದೆ. ಆದರೆ ಅದು ಹಟ್ಟಿಯದೇ ನಾಯಿ. ಕುರಿ ಅದರ ಮುಖ ನೋಡಿತು, ನಾಯಿ ಆಕಳಿಸಿತು, ಅಷ್ಟೇ. ಮತ್ತೊಂದು ದಿನವಾಗಿದ್ದರೆ ಮೂವರೂ ನಗುತ್ತಿದ್ದರು.

ಹೊತ್ತು ಇಳಿಯತೊಡಗಿತು. ಗಾಳೆಮ್ಮ ಮೊದಲಿನ ಹಾಗೆ ಕುರಿಯ ಹಿಂಗಾಲು ಹಿಡಿದು ಮರಿಗೆ ಒಂದಿಷ್ಟು ಕುಡಿಸಿದಳು. ಕುರಿ ಒದ್ದಾಡಿ ಅವಳ ಮೊಣಕೈ ತರಚಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಅಳುವೋ, ಸಾಬರು ನೋಡಲು ಹೋಗಲಿಲ್ಲ.

"ನಮ್ಮತ್ತಿ ಇದ್ದಾಗ ಉಳ್ಳಾಗಡ್ಡಿ ಜಜ್ಜಿ ಹಚ್ಚಾಕಿ. ತಾಯಿ ಇಲ್ಲದ ಮರೀನ ಇನ್ನೊಂದು ಕುರಿಗೆ ಹೊಂದಿಸ್ಬೇಕಾದ್ರ ಮರಿ ಮೈಗೂ ಹಚ್ಚೋದು, ಕುರಿ ಮೂಗಿಗೂ ಹಚ್ಚೋದು. ಎರಡೂ ಒಂದ ನಾತ" ಎಂದಳು ಮಾಳಮ್ಮ, ಯಾರಿಗೆಂದು ಇಲ್ಲದೆ.

ಸಾಬರು ತಲೆ ಎತ್ತಿದರು. "ಮೂಗಿಗೂನಾ?"

"ಹೂಂ ಮತ್ತ. ಮೂಗು ತುಂಬ ಅದ ನಾತ ಇದ್ರ ತನ್ನದು ಯಾವ್ದು ಮಂದೀದು ಯಾವ್ದು ಅಂತ ಹೆಂಗ ಹೇಳ್ತೈತಿ?"

"ಹಂಗಾದ್ರ ಉಳ್ಳಾಗಡ್ಡಿ ಯಾಕ ಬೇಕು ಯಮ್ಮಾ? ಮರಿಗೆ ಹಚ್ಚಿದ್ದು ಹಚ್ಚಿ ಆಗೈತಿ. ಅದನ್ನ ತಾಯಿಗೂ ಹಚ್ಚಿದ್ರ?"

"ಸಾಬರ, ನಿಮ್ಮ ಪೌಡರ್ ಸಹವಾಸ ಸಾಕು" ಎಂದಳು ಗಾಳೆಮ್ಮ.

ಮುದುಕಿ ಮಾತ್ರ, "ಹಚ್ಚಲಿ ಬಿಡಬೇ. ಇದಕ್ಕಿಂತ ಕೆಡಾಕ ಏನುಳಿದೈತಿ? ಆ ಕುರಿಗೂ ಸಿಂಗಾರ ಅಂತ ಯಾರು ಮಾಡ್ಯಾರ" ಎಂದಳು.

ಸಾಬರು ಧೋತರ ಮೇಲಕ್ಕೆ ಕಟ್ಟಿ ಕುರಿಯ ಕತ್ತನ್ನು ಎರಡು ಮೊಣಕಾಲುಗಳ ನಡುವೆ ಹಿಡಿದರು. ಒಂದು ಅಂಗೈಯಲ್ಲಿ ಪೌಡರ್, ಇನ್ನೊಂದರಲ್ಲಿ ಕುರಿಯ ಗಲ್ಲ. ಅದೆಷ್ಟು ಮದುಮಕ್ಕಳ ಮುಖ ಕಂಡ ಕೈ! ಮೂಗಿನ ಹೊಳ್ಳೆಯ ಸುತ್ತ, ತುಟಿಯ ಮೇಲೆ, ಕೆನ್ನೆಗೆ ಮೆಲ್ಲಗೆ ಹಚ್ಚಿದರು. ಕುರಿ ಸೀನಿ ಅವರ ಮುಖವನ್ನೂ ಬಿಳಿ ಮಾಡಿತು. ಗಾಳೆಮ್ಮ ಉಳಿದದ್ದನ್ನು ಅದರ ಪಕ್ಕೆಗೂ ಕೆಚ್ಚಲ ಹತ್ತಿರಕ್ಕೂ ಸವರಿದಳು, ಮರಿಯನ್ನು ತಂದು ಬಿಟ್ಟಳು. ಕುರಿ ಒಮ್ಮೆ ಜಾಡಿಸಿತು. ಮರಿ ಬಿದ್ದು ಎದ್ದಿತು. ಸಾಬರು ಬಿಡಲಿಲ್ಲ. ಮರಿ ಮತ್ತೆ ಬಾಯಿ ಹಾಕಿತು. ಈ ಸಲ ಕಾಲು ಎತ್ತಿದ ಕುರಿ ಒದೆಯದೆ ಕೆಳಗಿಟ್ಟಿತು. ಮರಿಯ ಬಾಲ ಆಡತೊಡಗಿತು.

"ಹಿಡ್ಕಳ್ರಿ, ಬಿಡಬ್ಯಾಡ್ರಿ" ಎಂದಳು ಗಾಳೆಮ್ಮ ಪಿಸುಮಾತಿನಲ್ಲಿ.

ಸಾಬರ ಸೊಂಟ ಹಿಡಿದುಕೊಂಡಿತ್ತು. ಬೆಳಕು ಓರೆಯಾಗಿ ಬೀಳುತ್ತಿತ್ತು. ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಕ್ಯಾಮೆರಾ ಚೀಲದ ಮೇಲೆ ಕೂತಿತ್ತು, ಕೈಗೆ ಎಟಕುವಷ್ಟೇ ದೂರದಲ್ಲಿ. ಆದರೆ ಅವರ ಎರಡು ಕೈಯೂ ಕುರಿಯ ಕತ್ತಿನಲ್ಲಿದ್ದವು.

ಹಿಂಡು ಬಂದಾಗ ಅವರು ಹಾಗೆಯೇ ನಿಂತಿದ್ದರು. ಎರ್ರೆಪ್ಪ ಹೆಗಲ ಕೋಲು ಇಳಿಸಿ ನೋಡಿದ: ಬಿಳಿ ಮುಖದ ಕುರಿ, ಬಿಳಿ ಮುಖದ ಮರಿ, ಬಿಳಿ ಮುಖದ ಸಾಬರು.

"ಏನಬೇ ಇದು? ನಾಟಕ ಕಲಿಯಾಕತ್ತೀರೇನು?"

ಮಾಳಮ್ಮ ನಡೆದದ್ದನ್ನೆಲ್ಲ ಹೇಳಿದಳು. ತಪ್ಪು ತಮ್ಮದು, ಕುರಿಯದಲ್ಲ ಎಂದು ಸಾಬರು ನಡುವೆ ಎರಡು ಸಲ ಹೇಳಿದರು. ಎರ್ರೆಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ.

"ಹಿಡ್ಕಂಡ್ರ ಹೋತ ಸೈತ ಹಾಲು ಕೊಡ್ತೈತಿ. ಬಿಡ್ರಿ ಸಾಬರ."

ಸಾಬರು ಗಾಳೆಮ್ಮನ ಮುಖ ನೋಡಿದರು. ಅವಳು ತಲೆಯಾಡಿಸಿದ ಮೇಲೆ ಕೈ ಬಿಟ್ಟರು. ಕುರಿ ನಾಲ್ಕು ಹೆಜ್ಜೆ ಅತ್ತ ಹೋಗಿ ನಿಂತು ಮೈ ಕೊಡವಿತು. ಮರಿ ಹಿಂದೆಯೇ ಹೋಯಿತು. ಕುರಿ ತಿರುಗಿ ಮೂಸಿತು. ಹಾಯಲಿಲ್ಲ, ಕರೆಯಲೂ ಇಲ್ಲ. ಮರಿ ಬಾಯಿ ಹಾಕಲು ಹೋದಾಗ ಮತ್ತೆ ಮುಂದಕ್ಕೆ ನಡೆಯಿತು.

"ಇದು ಹಿಂಗೂ ಅಲ್ಲ, ಹಂಗೂ ಅಲ್ಲ" ಎಂದ ಎರ್ರೆಪ್ಪ. "ರಾತ್ರಿ ಎರಡನ್ನೂ ಬಿಟ್ಟು ಮಲಗ್ರಿ. ಯಾರೂ ಹಿಡೀಬ್ಯಾಡ್ರಿ. ಬೆಳಿಗ್ಗಿ ಮರಿ ಹೊಟ್ಟಿ ತುಂಬಿದ್ರ ದಾರಿಗೆ, ಇಲ್ಲಂದ್ರ ಸಂತಿಗೆ. ತಂಗೀ, ಆಮ್ಯಾಲೆ ಅಳಬ್ಯಾಡ."

"ಅಳಲ್ಲ" ಎಂದಳು ಗಾಳೆಮ್ಮ.

ಕೊನೆಯ ಬಸ್ಸು ಹಿಡಿದು ಮನೆಗೆ ಬಂದ ಗಂಡನ ಬಿಳಿ ಹುಬ್ಬು ನೋಡಿ ಗುಲ್ಜಾರ್ ಬೀ ಮೊದಲು ನಕ್ಕಳು. ಕಥೆ ಕೇಳಿದ ಮೇಲೆ ನಗು ನಿಲ್ಲಿಸಿದಳು.

"ಇಷ್ಟು ವರ್ಷ ಊರ ಮಂದಿಗೆಲ್ಲ ಹಚ್ಚಿದ್ರಿ. ಯಾರೂ ಒದ್ದಿಲ್ಲಂತ ಧೈರ್ಯ ಬಂದಿತ್ತು ನಿಮಗ" ಎಂದಳು. ಊಟ ಬಡಿಸುತ್ತಾ, "ಬೆಳಿಗ್ಗಿ ಮೊದಲ್ನೇ ಬಸ್ಸಿಗೆ ಹೋಗ್ರಿ. ಸಂತಿಗೆ ಹೊಡಿಯಂಗಿದ್ರ ಕುರಿ ಮರಿ ಎರಡೂ ನಾವ ತಗೊಳ್ಳೋಣ. ಹಿತ್ತಲದಾಗ ಕಟ್ಟಿದ್ರಾತು" ಎಂದಳು.

"ನಮ್ಮ ಹಿತ್ತಲದಾಗ ಕಟ್ಟಿದ್ರ ಆಕಿಗೇನು ಬಂತು? ಆಕಿ ತವರಿಂದ ಬಂದದ್ದು ಅದೊಂದ."

ಗುಲ್ಜಾರ್ ಬೀ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬೇರೆ ಊರಿನಿಂದ ಈ ಮನೆಗೆ ಬಂದವಳೇ ಅವಳೂ.

ಬೆಳಿಗ್ಗೆ ಸಾಬರು ಬಸ್ಸಿಳಿದಾಗ ಹೊಲ ಖಾಲಿಯಾಗಿತ್ತು. ಕಲ್ಲೊಲೆ ಇನ್ನೂ ಬೆಚ್ಚಗಿತ್ತು, ನೆಲದ ತುಂಬ ಹಿಕ್ಕೆ. ಕುರಿಗಳ ಹೆಜ್ಜೆ ಗುಡೇಕೋಟೆಯ ಕಡೆಗೆ ತಿರುಗಿದ್ದವು. ಒಂದು ಕುರಿ ಮಾತ್ರ ಹಗ್ಗದಲ್ಲಿ ಬೇರೆ ದಾರಿ ಹಿಡಿದಿದ್ದರೆ ಅದರ ಗುರುತು ಸಾಬರಿಗೆಲ್ಲಿ ತಿಳಿಯಬೇಕು? ದೂರದಲ್ಲಿ ಧೂಳು ಕಂಡು ಅತ್ತ ಓಡಿದರು. ಆ ವಯಸ್ಸಿಗೆ ಅದು ಓಟವೂ ಅಲ್ಲ, ನಡಿಗೆಯೂ ಅಲ್ಲ.

ಹಿಂಡಿನ ಬಾಲ ಮುಟ್ಟಿದ ಮೇಲೂ ಕುರಿ ಕಾಣಲಿಲ್ಲ. ಎಲ್ಲಿ ನೋಡಿದರೂ ಕಪ್ಪು ಬೆನ್ನುಗಳೇ. ಎರ್ರೆಪ್ಪ ಪಕ್ಕದಲ್ಲಿ ನಡೆಯುತ್ತಿದ್ದ. ಅವನನ್ನು ಕೇಳಲು ಸಾಬರಿಗೆ ಉಸಿರು ಸಾಲದು, ಧೈರ್ಯವೂ ಸಾಲದು. ಅವನೇ ಕೋಲೆತ್ತಿ ಮುಂದೆ ತೋರಿಸಿದ.

"ಕತ್ತಿ ಹತ್ರ ನೋಡ್ರಿ."

ಸಾಮಾನು ಹೇರಿದ ಕತ್ತೆಯ ಹಗ್ಗ ಹಿಡಿದು ಗಾಳೆಮ್ಮ ಮುಂದೆ ನಡೆಯುತ್ತಿದ್ದಳು. ಕತ್ತೆಯ ಪಕ್ಕೆಗೆ ಜೋತುಬಿದ್ದ ರಸಗೊಬ್ಬರದ ಬಿಳಿ ಚೀಲದಿಂದ ಒಂದು ಮರಿ ತಲೆ ಹೊರಗೆ ಹಾಕಿತ್ತು. ಚೀಲಕ್ಕೆ ಅಂಟಿಕೊಂಡ ಹಾಗೆ ಒಂದು ಕುರಿ ನಡೆಯುತ್ತಿತ್ತು. ಬಾಯಿ ತೆರೆಯದೆ, ಗಂಟಲೊಳಗೇ ಗುರುಗುಟ್ಟುತ್ತಿತ್ತು. ಮರಿ ಹಾಕಿದ ಕುರಿ ಬೇರೆ ಯಾರ ಜೊತೆಗೂ ಆ ದನಿಯಲ್ಲಿ ಮಾತಾಡುವುದಿಲ್ಲ.

"ಬೆಳಿಗ್ಗಿ ನೋಡಿದ್ರ ಮರಿ ಅದರ ಹೊಟ್ಟಿಗೆ ಹತ್ತಿ ಮಲಗಿತ್ತು, ಹೊಟ್ಟಿ ಗುಮ್ಮಟ ಆಗಿತ್ತು" ಎಂದ ಎರ್ರೆಪ್ಪ. "ಚೀಲಕ್ಕ ಹಾಕಾಕ ಹೋದ್ರ ನನ್ನ ಹಾಯಾಕ ಬಂತು ನೋಡ್ರಿ."

ಸಾಬರು ಗಾಳೆಮ್ಮನ ಸರಿಸಮಕ್ಕೆ ಬಂದರು. ರಾತ್ರಿ ನಿದ್ದೆ ಮಾಡದ ಕಣ್ಣು ಅವಳದು. ಅವರನ್ನು ಕಂಡು ಹಗ್ಗ ಜಗ್ಗಿ ಕತ್ತೆಯನ್ನು ನಿಲ್ಲಿಸಿದಳು. ಬಿಳಿ ಚೀಲದ ಮೇಲೆ, ತಾಯಿ ನೆಕ್ಕಿ ಪೌಡರ್ ಕಳೆದ ಮರಿಯ ಕರಿ ಮುಖ, ಕಿವಿ, ಒದ್ದೆ ಕಣ್ಣು ಎಲ್ಲ ಬಿಡಿಸಿ ಬರೆದ ಹಾಗೆ ಕಂಡವು. ಕತ್ತೆ ನಿಂತದ್ದು ಯಾಕೆಂದು ಕುರಿಗೆ ಅನುಮಾನ ಬಂದಿರಬೇಕು. ಕತ್ತು ಚಾಚಿ ಮರಿಯ ಹಣೆಗೆ ಮೂಗು ಹಚ್ಚಿತು. ಸಾಬರು ಹತ್ತಿರ ಹೋಗಲಿಲ್ಲ, ಏನನ್ನೂ ಸರಿಪಡಿಸಲಿಲ್ಲ. ನಿಂತಲ್ಲಿಂದಲೇ ಗುಂಡಿ ಒತ್ತಿದರು.

ಹಿಂದಿನಿಂದ ಹಿಂಡು ಬಂದು ಒತ್ತತೊಡಗಿತು. ಮಾಳಮ್ಮ ಎಲ್ಲಿಂದಲೋ ಕೂಗಿದಳು: "ಯಾಕ ನಿಂತ್ರಬೇ? ಬಿಸಿಲು ಏರ್ತೈತಿ!"

"ಆತೇನ್ರಿ?" ಗಾಳೆಮ್ಮ ಕೇಳಿದಳು.

"ಆತವ್ವ. ನಡೀರಿ ನೀವು."

ಅವಳು ಹಗ್ಗ ಸಡಿಲಿಸಿದಳು. ಕತ್ತೆ ಹೆಜ್ಜೆ ಹಾಕಿತು, ಕುರಿಯೂ ಹಾಕಿತು. ಸಾಬರು ಹಿಂಡಿಗೆ ದಾರಿ ಬಿಟ್ಟು ಜಾಲಿಗಿಡದ ಪಕ್ಕಕ್ಕೆ ಸರಿದು ನಿಂತರು.